ರೇಟು ಬಿತ್ತು ಅಂತ ಕೊಕ್ಕೋ ಕಡಿಯಬೇಡಿ

ಸುಳ್ಯದ ಅಣ್ಣ, ಅಡಿಕೆ ತೋಟದ ಒಳಗಿನ 150 ಕೊಕ್ಕೋ ಗಿಡ, ರೇಟು ಬಿದ್ದಿದೆ, ಅಳಿಲು ತಿಂದು ಉಳಿದದ್ದು ಕೊಯ್ದ ಕೂಲಿಗೂ ಸಾಕಾಗುದಿಲ್ಲ, ಕಡಿದು ಬಿಡುದಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ಈಗಾಗಲೇ ಮೂರು ಜನ ಕಡೀರಿ ಅಂದಿದ್ದಾರೆ. ನಾನು ಬೇಡ ಅಂತೇನೆ, ಆದ್ರೆ ಈಗ ಮಾಡುವ ಹಾಗೆಯೇ ಮಾಡಿ ಅಂತ ಕೂಡ ಹೇಳುದಿಲ್ಲ. ಸ್ವಲ್ಪ ಉದ್ದ ಆಯ್ತು, ಪುರುಸೊತ್ತಲ್ಲಿ ಓದಿ.

2024ರಲ್ಲಿ ಹಸಿ ಬೀಜ ಕಿಲೋಗೆ 300ರ ಹತ್ತಿರ ಹೋಯ್ತಲ್ಲ, ಅದು ನಮ್ಮ ಬೀಜದ ಗುಣಕ್ಕೆ ಸಿಕ್ಕಿದ್ದಲ್ಲ ಮಾರಾಯ್ರೆ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೋ ಬರುದು ಐವರಿ ಕೋಸ್ಟ್ ಮತ್ತು ಘಾನಾದಿಂದ, ಅಲ್ಲಿ ಮಳೆ ಏರುಪೇರಾಗಿ, ಗಿಡಗಳಿಗೆ ವೈರಸ್ ಬಡಿದು ಫಸಲು ಹೋಯ್ತು, ನ್ಯೂಯಾರ್ಕಿನಲ್ಲಿ ಟನ್ನಿಗೆ 10,000 ಡಾಲರ್ ದಾಟಿತು, ಆ ಗಾಳಿ ಇಲ್ಲಿಗೂ ಬೀಸಿತು ಅಷ್ಟೆ. ಅದಕ್ಕಿಂತ ಮೊದಲು 50-60ಕ್ಕೆ ಕೊಟ್ಟವರೇ ನಾವೆಲ್ಲ. 300ನ್ನು ತಲೆಯಲ್ಲಿಟ್ಟು ಲೆಕ್ಕ ಹಾಕಿದ್ರೆ ಯಾವ ರೇಟೂ ನಷ್ಟವೇ.

ಕಡಿಯುವ ಮಾತು ಹೊಸದೂ ಅಲ್ಲ. 1980ರ ಆಸುಪಾಸಿನಲ್ಲಿ ರೇಟು ಬಿದ್ದು, ಕೊಳ್ತಿದ್ದ ಕಂಪೆನಿ ಹಿಂದೆ ಸರಿದಾಗ ಬೀಜವನ್ನು ಕೇಳುವವರೇ ಇಲ್ಲ. ಆಗ ಅಡಿಕೆಗೆ ಅಂತ 1973ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೊ, ಕೊಕ್ಕೋವನ್ನೂ ತಕ್ಕೊಳ್ಳಿಕ್ಕೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಫ್ಯಾಕ್ಟರಿಯೇ ಬಂತು. ಬೆಳೆದವರದ್ದೇ ಸಂಸ್ಥೆ, ಬೆಳೆದವರದ್ದೇ ಫ್ಯಾಕ್ಟರಿ. ಆದ್ರೆ 2024ರಲ್ಲಿ ನಾವು ಎಂತ ಮಾಡಿದೆವು? ಖಾಸಗಿಯವರು ಹತ್ತು ರೂಪಾಯಿ ಜಾಸ್ತಿ ಅಂದ ಕೂಡ್ಲೆ ಆ ಕಡೆ ಓಡಿದೆವು. ನಾನೂ ಓಡಿದವನೇ, ನಾಚಿಕೆ ಇಲ್ಲದೆ ಹೇಳ್ತೇನೆ. ರೇಟು ಇಳಿಯಲಿಕ್ಕೆ ಶುರುವಾದ ವಾರ ಆ ಪುಣ್ಯಾತ್ಮನ ಫೋನು ಸ್ವಿಚ್ ಆಫ್, ನನ್ನದು 80 ಕಿಲೋ ಹಸಿ ಬೀಜ ಅಂಗಳದಲ್ಲಿ ನೀರು ಬಿಡ್ತಾ ಕೂತಿತ್ತು. ಫ್ಯಾಕ್ಟರಿಗೆ ವರ್ಷವಿಡೀ ಬೀಜ ಬೇಕು, ನಮಗೆ ವರ್ಷವಿಡೀ ತಕ್ಕೊಳ್ಳುವವರು ಬೇಕು. ರೇಟು ಹತ್ತಿದಾಗ ಅರ್ಧವಾದ್ರೂ ಸಂಘಕ್ಕೆ ಹಾಕಿ, ಇಳಿದಾಗ ಅವರ ಹತ್ರ ದಬಾಯಿಸಿ ಕೇಳ್ಲಿಕ್ಕೆ ನಮಗೂ ಮುಖ ಇರ್ತದೆ.

ಈಗ ಕೂಲಿ. ನಮ್ಮಲ್ಲಿ ನಾಲ್ಕು ಮನೆಯವರು ಒಂದೇ ದಿನ ಕೊಯ್ದು ಒಂದೇ ಪಿಕಪ್‌ನಲ್ಲಿ ಕಳಿಸ್ತೇವೆ, ಮೊದಲು ನಾಲ್ಕು ಸ್ಕೂಟರು ನಾಲ್ಕು ದಿನ ಹೋಗ್ತಿತ್ತು. ಕಾಯಿ ಕತ್ತಿಯಲ್ಲಿ ಕೊಚ್ಚಬೇಡಿ, ಬೀಜಕ್ಕೆ ಗಾಯ ಆಗ್ತದೆ, ಕಲ್ಲಿಗೆ ಬಡಿದು ಒಡೆಯಿರಿ, ನಡುವಿನ ದಿಂಡು ಮತ್ತು ಕಪ್ಪಾದ ಬೀಜ ತೆಗೀರಿ. ತೂಕಕ್ಕೆ ಅಂತ ನೀರು ಸೇರಿಸುವವರು ಇದ್ದಾರೆ, ಅವರಿಂದಾಗಿ ಎಲ್ಲರಿಗೂ ತೂಕದಲ್ಲಿ ಕಡಿತ.

ಹಸಿ ಕೊಡುವ ಬದಲು ಹುದುಗಿಸಿ ಒಣಗಿಸಿ ಕೊಡುದು ಎರಡನೇ ದಾರಿ. ಬೆಂಗಳೂರು, ಮೈಸೂರು ಕಡೆ ಬೀಜದಿಂದಲೇ ಚಾಕಲೇಟ್ ಮಾಡುವ ಸಣ್ಣವರು ಒಳ್ಳೆ ಬೀಜ ಹುಡುಕ್ತಾರೆ. ಆದ್ರೆ ಮೂರು ಕಿಲೋ ಹಸಿ ಬೀಜಕ್ಕೆ ಸಿಗುದು ಸುಮಾರು ಒಂದು ಕಿಲೋ ಒಣಗಿದ್ದು, ಹಾಗಾಗಿ ಹಸಿಯ ಮೂರು ಪಟ್ಟಿಗಿಂತ ಚೆನ್ನಾಗಿ ಮೇಲೆ ಸಿಕ್ಕಿದ್ರೆ ಮಾತ್ರ ಕೈ ಹಾಕಿ, ಕೊಳ್ಳುವವರ ಹತ್ರ ಮೊದಲೇ ಮಾತಾಡಿ. ನಾನು ಮೊದಲ ಸಲ ಒಬ್ಬನೇ 20 ಕಿಲೋ ಇಟ್ಟೆ, ಬಿಸಿಯೇ ಏರಲಿಲ್ಲ, ಬೂಸ್ಟು ಬಂತು, ಹಟ್ಟಿ ಗೊಬ್ಬರಕ್ಕೆ ಹೋಯ್ತು. ಈಗ ನಾಲ್ಕು ಮನೆಯದ್ದು ಸೇರಿಸಿ ನೂರು ಕಿಲೋ ಮೇಲೆ ಆದ್ರೆ ಮಾತ್ರ ಇಡುದು. ಅಡಿಯಲ್ಲಿ ತೂತು ಇರುವ ಮರದ ಪೆಟ್ಟಿಗೆ, ಮೇಲೆ ಬಾಳೆ ಎಲೆ, ಗೋಣಿ, ದಿನ ಬಿಟ್ಟು ದಿನ ಮಗುಚುದು, ಆರು ದಿನ. ಒಳಗೆ ಕೈ ಹಾಕಿದ್ರೆ ಸುಡುವಷ್ಟು ಬಿಸಿ, ವಿನೆಗರ್ ವಾಸನೆ ಬರ್ಬೇಕು. ಆಮೇಲೆ ಬಿಸಿಲು, ಮುಷ್ಟಿಯಲ್ಲಿ ಹಿಡಿದ್ರೆ ಪಟಪಟ ಅನ್ನುವವರೆಗೆ. ಒಲೆ ಮೇಲಿನ ಅಟ್ಟದಲ್ಲಿ ಮಾತ್ರ ಒಣಗಿಸಬೇಡಿ, ಹೊಗೆ ವಾಸನೆ ಚಾಕಲೇಟಿನವರೆಗೂ ಹೋಗ್ತದೆ, ಲಾಟಿಗೆ ಲಾಟೇ ವಾಪಸ್. ಮಳೆಗಾಲದಲ್ಲಿ ಈ ಸಾಹಸವೇ ಬೇಡ, ಹಸಿಯೇ ಕೊಡಿ.

ಸಿಪ್ಪೆಯದ್ದು ಮರ್ತೆ. ಕಾಯಿಯ ಮುಕ್ಕಾಲು ತೂಕ ಅದೇ, ಪೊಟ್ಯಾಷ್ ಒಳ್ಳೆ ಉಂಟು, ಕಂಪೋಸ್ಟ್ ಮಾಡಿ ಅಡಿಕೆ ಬುಡಕ್ಕೆ ಹಾಕಿ. ಮಳೆಗಾಲದಲ್ಲಿ ಗಿಡದ ಬುಡದಲ್ಲೇ ರಾಶಿ ಬಿಟ್ರೆ ಕಾಯಿ ಕಪ್ಪಾಗುವ ರೋಗ ಹರಡ್ತದೆ, ಅದು ಅಡಿಕೆ ಕೊಳೆರೋಗದ ದಾಯಾದಿಯೇ. ರೋಗದ ಕಾಯಿ ವಾರಕ್ಕೊಮ್ಮೆ ಕೊಯ್ದು ದೂರ ಹೂಳಿ. ಮತ್ತೆ ನೀವು ಹಾಕಿದ ಫೋಟೋದಲ್ಲಿ ಕೊಕ್ಕೋ ಗಿಡ ಅಡಿಕೆಗೆ ಸ್ಪರ್ಧೆ ಕೊಡ್ತಾ ಉಂಟು, ಕಡಿಯುವ ಬದಲು ಕೊಂಬೆ ಸವರಿ, ಕೊಂಬೆಗಳ ಒಂದೇ ಅಂತಸ್ತು ಇಟ್ಕೊಳ್ಳಿ. ವಿಟ್ಲದ ಸಿಪಿಸಿಆರ್‌ಐಗೆ (ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ) ಹೋದ್ರೆ ಸವರುದು ಹೇಗೆ ಅಂತ ತೋರಿಸ್ತಾರೆ.

ಅಳಿಲಿಗೆ ಮದ್ದು ನನ್ನ ಹತ್ರ ಇಲ್ಲ. ಹಣ್ಣಾದದ್ದನ್ನು ಎರಡು ವಾರಕ್ಕೊಮ್ಮೆ ತಪ್ಪದೆ ಕೊಯ್ದ್ರೆ ಅದಕ್ಕೆ ಸಿಗುದು ಕಮ್ಮಿ ಆಗ್ತದೆ, ಅಷ್ಟೆ. ನಿಮ್ಮ ಆಸುಪಾಸಲ್ಲಿ ಕೊಕ್ಕೋ ಇರುವ ಮನೆ ಎಷ್ಟು ಉಂಟು ಹೇಳಿ, ಹುದುಗಿಸುವ ಪೆಟ್ಟಿಗೆಯ ಅಳತೆ ಹಾಕ್ತೇನೆ.