ದುಡ್ಡಿಗೆ ಬರವಿಲ್ಲ, ಆದರೂ 15ನೇ ಸ್ಥಾನ: ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಆಗಿದ್ದೇನು?

ಪ್ರಶ್ನೆ: 2008ರಲ್ಲಿ ಮಾಸ್ಕೋದಲ್ಲಿ ಚೆಲ್ಸಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿದ ರಾತ್ರಿಯಿಂದ ನಾನು ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿ. ಮಗ ಮ್ಯಾಂಚೆಸ್ಟರ್ ಸಿಟಿ ಕಡೆ. 2024-25ರ ಪ್ರೀಮಿಯರ್ ಲೀಗ್‌ನಲ್ಲಿ ನಮ್ಮ ತಂಡ 15ನೇ ಸ್ಥಾನಕ್ಕೆ ಇಳಿದಾಗ ಅವನ ಮುಂದೆ ಬಾಯಿ ಬಿಡಲು ಆಗಲಿಲ್ಲ. ಫರ್ಗುಸನ್ ಹೋದದ್ದೇ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಒಬ್ಬರು ಹೋದರೆ ಇಷ್ಟು ದೊಡ್ಡ ಕ್ಲಬ್ ಹೀಗೆ ಕುಸಿಯುತ್ತದಾ ಸರ್? — ಮಂಗಳೂರಿನ ಓದುಗರು

ಹೋದದ್ದು ಒಬ್ಬರಲ್ಲ, ಇಬ್ಬರು. 2013ರ ಬೇಸಿಗೆಯಲ್ಲಿ ಮ್ಯಾನೇಜರ್ ಸರ್ ಅಲೆಕ್ಸ್ ಫರ್ಗುಸನ್ ನಿವೃತ್ತರಾದರು. ಅದೇ ಹೊತ್ತಿಗೆ ಚೀಫ್ ಎಕ್ಸಿಕ್ಯೂಟಿವ್ ಡೇವಿಡ್ ಗಿಲ್ ಕೂಡ ಹುದ್ದೆ ಬಿಟ್ಟರು. ಆಟಗಾರರನ್ನು ಕೊಳ್ಳುವಾಗ ಬೇರೆ ಕ್ಲಬ್‌ಗಳ ಜೊತೆ ಚೌಕಾಸಿ ಮಾಡುತ್ತಿದ್ದವರು ಗಿಲ್. ಅವರ ಕೆಲಸ ಎಡ್ ವುಡ್‌ವರ್ಡ್ ಕೈಗೆ ಬಂತು. ವುಡ್‌ವರ್ಡ್ ಮೂಲತಃ ಬ್ಯಾಂಕಿನವರು. ಪ್ರಾಯೋಜಕರನ್ನು ಹಿಡಿದು ತರುವುದರಲ್ಲಿ ಪಳಗಿದ ಕೈ. ಆಟಗಾರರನ್ನು ಕೊಳ್ಳುವುದು ಬೇರೆಯದೇ ವಿದ್ಯೆ.

ಫರ್ಗುಸನ್ 1986ರ ನವೆಂಬರ್‌ನಿಂದ ಸುಮಾರು 26 ವರ್ಷ ಅಲ್ಲಿದ್ದರು. 13 ಪ್ರೀಮಿಯರ್ ಲೀಗ್, 2 ಚಾಂಪಿಯನ್ಸ್ ಲೀಗ್ ಗೆದ್ದರು. ಹೆಸರಿಗೆ ಮ್ಯಾನೇಜರ್, ನಿಜದಲ್ಲಿ ಕ್ಲಬ್ಬಿನ ಫುಟ್‌ಬಾಲ್ ವಿಭಾಗವೆಲ್ಲ ಅವರೇ. ಯಾರನ್ನು ಕೊಳ್ಳಬೇಕು, ಯಾರನ್ನು ಕಳಿಸಬೇಕು, ಯಾವ ಹುಡುಗನನ್ನು ಅಕಾಡೆಮಿಯಿಂದ ಮೇಲೆ ತರಬೇಕು, ಎಲ್ಲದಕ್ಕೂ ಅವರದ್ದೇ ಕೊನೆ ಮಾತು. ಪಕ್ಕದ ಸಿಟಿ 2012ರಲ್ಲೇ ಬಾರ್ಸಿಲೋನಾದಿಂದ ಫೆರಾನ್ ಸೊರಿಯಾನೊ, ಚಿಕಿ ಬೆಗಿರಿಸ್ಟೈನ್ ಅವರನ್ನು ಕರೆತಂದು, ಯಾವ ಮ್ಯಾನೇಜರ್ ಬಂದರೂ ಹೋದರೂ ನಿಲ್ಲುವಂಥ ವ್ಯವಸ್ಥೆ ಕಟ್ಟಲು ಶುರು ಮಾಡಿತ್ತು. ಯುನೈಟೆಡ್ ತನ್ನ ಮೊದಲ ಫುಟ್‌ಬಾಲ್ ಡೈರೆಕ್ಟರನ್ನು ನೇಮಿಸಿದ್ದು 2021ರ ಮಾರ್ಚ್‌ನಲ್ಲಿ! ನಡುವೆ ಎಂಟು ವರ್ಷ ಆ ಕುರ್ಚಿಯೇ ಇರಲಿಲ್ಲ. ನನ್ನ ಮಟ್ಟಿಗೆ ಅಸಲಿ ಕಾರಣ ಇದು.

ಇನ್ನೊಂದು ಮಾತು ಅಭಿಮಾನಿಗಳಿಗೆ ರುಚಿಸುವುದಿಲ್ಲ. 2012-13ರಲ್ಲಿ ಯುನೈಟೆಡ್ 11 ಪಾಯಿಂಟ್ ಅಂತರದಲ್ಲಿ ಲೀಗ್ ಗೆದ್ದಿತು, ಸರಿ. ಆದರೆ ಆ ತಂಡದ ವಯಸ್ಸು ನೋಡಿ. ಗಿಗ್ಸ್‌ಗೆ 39. ಫರ್ಡಿನಾಂಡ್‌ಗೆ 34. ಎವ್ರಾಗೆ 32, ವಿಡಿಚ್‌ಗೆ 31. ಸ್ಕೋಲ್ಸ್ ಆ ವರ್ಷವೇ ನಿವೃತ್ತಿ. 26 ಗೋಲು ಹೊಡೆದು ಲೀಗ್ ಗೆಲ್ಲಿಸಿದ ವಾನ್ ಪರ್ಸಿ ಮೂವತ್ತರ ಹೊಸ್ತಿಲಲ್ಲಿದ್ದರು. ಆ ತಂಡದಿಂದ ಲೀಗ್ ತೆಗೆಯಲು ಫರ್ಗುಸನ್ನೇ ಬೇಕಿತ್ತು. ಮುಂದಿನ ವರ್ಷ ಹೊಸ ಮ್ಯಾನೇಜರ್ ಡೇವಿಡ್ ಮೊಯೆಸ್ ಅದೇ ತಂಡವನ್ನು ಹೆಚ್ಚುಕಡಿಮೆ ಹಾಗೇ ಆಡಿಸಿ 7ನೇ ಸ್ಥಾನಕ್ಕೆ ಬಂದರು. ಆರು ವರ್ಷದ ಕರಾರು ಹತ್ತು ತಿಂಗಳಿಗೇ ಮುಗಿಯಿತು. ಆ ಬೇಸಿಗೆಯ ದೊಡ್ಡ ಖರೀದಿ ಫೆಲೈನಿ ಒಬ್ಬರೇ. ಜುಲೈ ಮುಗಿಯುವುದರೊಳಗೆ ಹೋಗಿದ್ದರೆ ಕರಾರಿನಲ್ಲಿದ್ದ ಸುಮಾರು 2.35 ಕೋಟಿ ಪೌಂಡ್‌ಗೆ ಸಿಗುತ್ತಿದ್ದರು. ಯುನೈಟೆಡ್ ಕೊನೆಯ ದಿನ ಹೋಗಿ 2.75 ಕೋಟಿ ಕೊಟ್ಟಿತು.

ಆಮೇಲೆ ಬಂದ ಮ್ಯಾನೇಜರ್‌ಗಳ ಕಥೆ ಮನೆ ಕಟ್ಟುವಾಗ ಪ್ರತಿ ಗೋಡೆಗೊಬ್ಬ ಹೊಸ ಮೇಸ್ತ್ರಿ ಬಂದ ಹಾಗೆ. ವಾನ್ ಗಾಲ್‌ಗೆ ಚೆಂಡು ಇಟ್ಟುಕೊಂಡು ನಿಧಾನಕ್ಕೆ ಆಡುವವರು ಬೇಕು. ಮೌರಿನ್ಯೊಗೆ ಎತ್ತರದ, ಗಟ್ಟಿಮುಟ್ಟಾದವರು ಬೇಕು. ಸೋಲ್ಶೇರ್‌ಗೆ ವೇಗವಾಗಿ ಓಡುವ ಹುಡುಗರು. ಟೆನ್ ಹಾಗ್‌ಗೆ ತಮ್ಮ ಹಳೇ ಆಯಾಕ್ಸ್ ಆಟಗಾರರು. 2024ರ ನವೆಂಬರ್‌ನಲ್ಲಿ ಬಂದ ಅಮೊರಿಮ್‌ಗೆ ಮೂವರು ಡಿಫೆಂಡರ್, ಇಬ್ಬರು ವಿಂಗ್‌ಬ್ಯಾಕ್ (ಮೈದಾನದ ಅಂಚಿನಲ್ಲಿ ದಾಳಿ, ರಕ್ಷಣೆ ಎರಡನ್ನೂ ಮಾಡುವವರು). ತಂಡದಲ್ಲಿದ್ದದ್ದು ಬೇರೆ ಆಟಕ್ಕೆಂದು ಕೊಂಡವರು. ಸೀಸನ್ ನಡುವೆ ಅವರಿಂದಲೇ ಹೊಸ ಆಟ ಆಡಿಸಿದರು. 42 ಪಾಯಿಂಟ್, 15ನೇ ಸ್ಥಾನ. ಬಿಲ್ಬಾವೊದಲ್ಲಿ ಯುರೋಪಾ ಲೀಗ್ ಫೈನಲ್ಲೂ ಟಾಟನ್‌ಹ್ಯಾಮ್ ಎದುರು ಕೈತಪ್ಪಿತು.

ಕೊಂಡವರ ಪಟ್ಟಿ ಓದಿದರೆ ಹೊಟ್ಟೆ ಉರಿಯುತ್ತದೆ. ಡಿ ಮರಿಯಾ 2014ರಲ್ಲಿ 5.97 ಕೋಟಿ ಪೌಂಡ್, ಆಗ ಬ್ರಿಟನ್ನಿನ ದಾಖಲೆ. ಒಂದೇ ವರ್ಷಕ್ಕೆ ಪ್ಯಾರಿಸ್‌ಗೆ ಹೊರಟರು. ಸಾಂಚೆಸ್ 45 ಪಂದ್ಯಗಳಲ್ಲಿ 5 ಗೋಲು. ಆಂಟನಿಗೆ ಸುಮಾರು 8 ಕೋಟಿ ಕೊಟ್ಟರು, ಮಾರುವಾಗ ಮೂರನೇ ಒಂದು ಪಾಲೂ ವಾಪಸ್ ಬರಲಿಲ್ಲ. ಪೊಗ್ಬಾ ಕಥೆಯಂತೂ ಬಿಡಿ. 2012ರಲ್ಲಿ ಕರಾರು ಮುಗಿಸಿಕೊಂಡು ಯುವೆಂಟಸ್‌ಗೆ ಹೋದ ತಮ್ಮದೇ ಹುಡುಗನನ್ನು 2016ರಲ್ಲಿ 8.9 ಕೋಟಿ ಪೌಂಡ್‌ಗೆ, ಅಂದಿನ ವಿಶ್ವದಾಖಲೆ ಬೆಲೆಗೆ, ವಾಪಸ್ ಕೊಂಡರು. 2022ರಲ್ಲಿ ಮತ್ತೆ ಕರಾರು ಮುಗಿಯಿತು. ಮತ್ತೆ ಬಿಟ್ಟಿಯಾಗಿ ಯುವೆಂಟಸ್‌ಗೇ ಹೋದರು.

ಪ್ರಶ್ನೆ: ಎಲ್ಲದಕ್ಕೂ ಮೂಲ ಗ್ಲೇಜರ್ ಕುಟುಂಬದ ಸಾಲ ಅಲ್ವಾ? ನೀವು ಮಾಲೀಕರನ್ನು ಯಾಕೆ ಬಿಟ್ಟುಬಿಡುತ್ತೀರಿ? — ಧಾರವಾಡದ ಓದುಗರು

ಬಿಡುವುದಿಲ್ಲ. 2005ರಲ್ಲಿ ಗ್ಲೇಜರ್‌ಗಳು ಸುಮಾರು 79 ಕೋಟಿ ಪೌಂಡ್‌ಗೆ ಕ್ಲಬ್ ಕೊಂಡರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಲದ ದುಡ್ಡು. ಆ ಸಾಲದ ದೊಡ್ಡ ಪಾಲನ್ನು ಕ್ಲಬ್ಬಿನ ತಲೆಗೇ ಕಟ್ಟಿದರು. ಅಲ್ಲಿಯವರೆಗೆ ಸಾಲವಿಲ್ಲದ ಕ್ಲಬ್ ತನ್ನನ್ನು ಕೊಂಡವರ ಸಾಲಕ್ಕೆ ತಾನೇ ಬಡ್ಡಿ ಕಟ್ಟುವಂತಾಯಿತು. ಇದು ಕಾನೂನಿಗೆ ಸರಿ, ನ್ಯಾಯಕ್ಕೆ ಸರಿಯಲ್ಲ. ಸಿಟ್ಟಾದ ಕೆಲವು ಅಭಿಮಾನಿಗಳು ಆ ವರ್ಷವೇ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅಂತ ಬೇರೆ ಕ್ಲಬ್ಬನ್ನೇ ಕಟ್ಟಿದರು. ಉಳಿದವರ ಸಿಟ್ಟೂ ಆರಲಿಲ್ಲ. 2021ರ ಮೇ ತಿಂಗಳಲ್ಲಿ ಅಭಿಮಾನಿಗಳು ಮೈದಾನಕ್ಕೇ ನುಗ್ಗಿ ಲಿವರ್‌ಪೂಲ್ ಪಂದ್ಯ ಮುಂದೂಡಬೇಕಾಯಿತು.

ಬಡ್ಡಿಗೆ ಹೋದ ದುಡ್ಡಿನ ಪರಿಣಾಮ ನೋಡಬೇಕಾದರೆ ಓಲ್ಡ್ ಟ್ರಾಫರ್ಡ್ ಚಾವಣಿ ನೋಡಿ. 2006ರ ನಂತರ ಆ ಸ್ಟೇಡಿಯಂನಲ್ಲಿ ದೊಡ್ಡ ವಿಸ್ತರಣೆ ಆಗಿಲ್ಲ. 2024ರ ಮೇನಲ್ಲಿ ಆರ್ಸೆನಲ್ ಪಂದ್ಯದ ನಂತರ ಮಳೆ ಬಂದು ಚಾವಣಿಯಿಂದ ಧಾರಾಕಾರ ನೀರು ಸುರಿದದ್ದನ್ನು ಜಗತ್ತೇ ನೋಡಿತು.

ಆದರೆ ಆಟಗಾರರ ಖರೀದಿಗೆ ದುಡ್ಡಿರಲಿಲ್ಲ ಅನ್ನುವ ವಾದ ಮಾತ್ರ ನಿಲ್ಲುವುದಿಲ್ಲ. ಮೇಲಿನ ಪಟ್ಟಿಯೇ ಸಾಕ್ಷಿ. ಗ್ಲೇಜರ್‌ಗಳ ಮೊದಲ ಎಂಟು ವರ್ಷ, ಇದೇ ಸಾಲದ ನಡುವೆ, ಫರ್ಗುಸನ್ ಐದು ಲೀಗ್ ಗೆದ್ದರು. 15ನೇ ಸ್ಥಾನಕ್ಕೆ ಬಿದ್ದ ವರ್ಷವೂ ಕ್ಲಬ್ಬಿನ ಆದಾಯ 66 ಕೋಟಿ ಪೌಂಡ್ ದಾಟಿ ದಾಖಲೆ ಬರೆಯಿತು. ಮಾಲೀಕರ ದೊಡ್ಡ ತಪ್ಪು ಸಾಲ ಅಲ್ಲ. ಫುಟ್‌ಬಾಲ್ ಗೊತ್ತಿರುವವರನ್ನು ಮೇಲಿನ ಕುರ್ಚಿಗಳಲ್ಲಿ ಕೂರಿಸದೇ ಇದ್ದದ್ದು. ವ್ಯಾಪಾರ ಚೆನ್ನಾಗಿ ನಡೆಯುತ್ತಿದ್ದುದರಿಂದ ಅವರಿಗೆ ಅವಸರವೂ ಇರಲಿಲ್ಲ.

ಪ್ರಶ್ನೆ: ಮೆಕ್‌ಟಾಮಿನೇ ನಮ್ಮ ಅಕಾಡೆಮಿಯ ಹುಡುಗ. ಅವರನ್ನು ನಾಪೊಲಿಗೆ ಕೊಟ್ಟುಬಿಟ್ಟು ಈಗ ಪರಿತಪಿಸುವುದು ಯಾಕೆ? — ಬೆಂಗಳೂರಿನ ಓದುಗರು

ಇದಕ್ಕೆ ಲೆಕ್ಕದ ಪುಸ್ತಕ ತೆರೆಯಬೇಕು. ಪ್ರೀಮಿಯರ್ ಲೀಗ್ ನಿಯಮದಂತೆ ಒಂದು ಕ್ಲಬ್ ಮೂರು ವರ್ಷಗಳಲ್ಲಿ ಒಟ್ಟು 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸುವಂತಿರಲಿಲ್ಲ. ಆಟಗಾರನನ್ನು ಕೊಂಡಾಗ ಅವನ ಬೆಲೆಯನ್ನು ಕರಾರಿನ ವರ್ಷಗಳಿಗೆ ಹಂಚಿ ಬರೆಯುತ್ತಾರೆ. 8 ಕೋಟಿಯ ಆಟಗಾರನಿಗೆ ಐದು ವರ್ಷದ ಕರಾರು ಇದ್ದರೆ ವರ್ಷಕ್ಕೆ 1.6 ಕೋಟಿ ಖರ್ಚು. ಎರಡು ವರ್ಷದ ನಂತರ ಅವನನ್ನು 3 ಕೋಟಿಗೆ ಮಾರಿದರೆ ಪುಸ್ತಕದಲ್ಲಿ 1.8 ಕೋಟಿ ನಷ್ಟ. ಹಾಗಾಗಿ ತಪ್ಪು ಖರೀದಿಯನ್ನು ಬೇಗ ಕಳಿಸಲೂ ಆಗುವುದಿಲ್ಲ. ಅಕಾಡೆಮಿ ಹುಡುಗನ ಖರೀದಿ ಬೆಲೆ ಸೊನ್ನೆ. ಅವನನ್ನು ಮಾರಿದರೆ ಬಂದದ್ದೆಲ್ಲ ಲಾಭ.

ಹೊರಗಿನಿಂದ ತಂದವರು ಸೋತರೆ ಮನೆಯ ಹುಡುಗರು ಅದರ ಬೆಲೆ ತೆರುತ್ತಾರೆ. 2024ರ ಆಗಸ್ಟ್‌ನಲ್ಲಿ ಮೆಕ್‌ಟಾಮಿನೇ ಹೋದರು. ಮೊದಲ ಸೀಸನ್ನಿನಲ್ಲೇ ನಾಪೊಲಿ ಇಟಲಿಯ ಲೀಗ್ ಗೆದ್ದಿತು. ಕೊನೆಯ ಪಂದ್ಯದಲ್ಲಿ ಮೆಕ್‌ಟಾಮಿನೇ ಗೋಲು ಹೊಡೆದರು, ಆ ಸೀಸನ್ನಿನ ಶ್ರೇಷ್ಠ ಆಟಗಾರನೂ ಆದರು. 1937ರಿಂದ ಪ್ರತಿ ಪಂದ್ಯದ ತಂಡದಲ್ಲೂ ಅಕಾಡೆಮಿಯ ಒಬ್ಬನಾದರೂ ಇರುತ್ತಾನೆ ಅಂತ ಹೆಮ್ಮೆಪಡುವ ಕ್ಲಬ್ ಇದು!

ಪ್ರಶ್ನೆ: ಯುನೈಟೆಡ್ ಕೆಳಗಿನ ಡಿವಿಷನ್‌ಗೆ ಬೀಳಬಹುದಾ? ಮತ್ತೆ ಏಳುವುದು ಯಾವಾಗ? — ಶಿವಮೊಗ್ಗದ ಓದುಗರು

ಹಿಂದೆ ಬಿದ್ದಿದೆ. ಮ್ಯಾನೇಜರ್ ಮ್ಯಾಟ್ ಬಸ್ಬಿ 1968ರಲ್ಲಿ ಯುರೋಪಿಯನ್ ಕಪ್ ಗೆದ್ದರು, ಮರುವರ್ಷ ಮ್ಯಾನೇಜರ್ ಹುದ್ದೆ ಬಿಟ್ಟರು. 1974ರಲ್ಲಿ ತಂಡ ಎರಡನೇ ಡಿವಿಷನ್‌ಗೆ ಇಳಿಯಿತು. ಒಂದೇ ವರ್ಷದಲ್ಲಿ ಮೇಲೆ ಬಂತು ಬಿಡಿ. ಆದರೆ 1967ರಲ್ಲಿ ಗೆದ್ದ ಲೀಗ್ ಮತ್ತೆ ಸಿಕ್ಕಿದ್ದು 1993ರಲ್ಲಿ. ಲಿವರ್‌ಪೂಲ್ ಕೂಡ 1990ರಿಂದ 2020ರವರೆಗೆ ಕಾಯಿತು. ಇವತ್ತಿನ ಆದಾಯದಲ್ಲಿ ಯುನೈಟೆಡ್ ಕೆಳಗೆ ಬೀಳುವುದು ಕಷ್ಟ. ಕಪ್‌ಗಳೂ ಆಗಾಗ ಸಿಕ್ಕಿವೆ, 2024ರ ಎಫ್‌ಎ ಕಪ್ ಫೈನಲ್‌ನಲ್ಲಿ ಸಿಟಿಯನ್ನೇ ಸೋಲಿಸಿದರು. ಲೀಗ್ ಗೆಲ್ಲುವುದು ಮಾತ್ರ ಬೇರೆ ಮಾತು.

2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಉದ್ಯಮಿ ಜಿಮ್ ರಾಟ್‌ಕ್ಲಿಫ್ ಕಾಲು ಭಾಗಕ್ಕಿಂತ ಜಾಸ್ತಿ ಪಾಲು ಕೊಂಡು ಫುಟ್‌ಬಾಲ್ ವ್ಯವಹಾರ ಕೈಗೆತ್ತಿಕೊಂಡಾಗ ನನಗೂ ಆಸೆ ಹುಟ್ಟಿತ್ತು. ಮೊದಲ ವರ್ಷ ಆಸೆಗೆ ತಕ್ಕಂತೆ ಇರಲಿಲ್ಲ. ಜುಲೈನಲ್ಲಿ ಟೆನ್ ಹಾಗ್ ಕರಾರು ಮುಂದುವರಿಸಿ ಅಕ್ಟೋಬರ್‌ನಲ್ಲಿ ಕಳಿಸಿದರು. ತಿಂಗಳುಗಟ್ಟಲೆ ಕಾದು ತಂದ ಸ್ಪೋರ್ಟಿಂಗ್ ಡೈರೆಕ್ಟರ್ ಡಾನ್ ಆಶ್‌ವರ್ತ್ ಐದೇ ತಿಂಗಳಿಗೆ ಹೊರಬಿದ್ದರು. ಇಬ್ಬರಿಗೂ ಪರಿಹಾರ ಕೊಟ್ಟರು. ಇನ್ನೊಂದು ಕಡೆ ನೂರಾರು ಸಿಬ್ಬಂದಿಯನ್ನು ಮನೆಗೆ ಕಳಿಸಿ, ಉಳಿದವರ ಪುಕ್ಕಟೆ ಊಟಕ್ಕೂ ಕತ್ತರಿ ಹಾಕಿದರು. ಇದು ಯಾವ ಸೀಮೆಯ ಉಳಿತಾಯ?

ಲಿವರ್‌ಪೂಲ್ ದಾರಿ ಬೇರೆ. ಮ್ಯಾನೇಜರ್ ಕ್ಲಾಪ್ ಹೆಸರು ಎಲ್ಲರಿಗೂ ಗೊತ್ತು. ಆಟಗಾರರನ್ನು ಆರಿಸುತ್ತಿದ್ದ ಮೈಕೆಲ್ ಎಡ್ವರ್ಡ್ಸ್ ಹೆಸರು ಕಡಿಮೆ ಜನಕ್ಕೆ ಗೊತ್ತು. ಕುಟಿನ್ಯೊರನ್ನು 2018ರಲ್ಲಿ ಬಾರ್ಸಿಲೋನಾಗೆ ದುಬಾರಿ ಬೆಲೆಗೆ ಮಾರಿದರು. ಅದೇ ವರ್ಷ ವಾನ್ ಡೈಕ್, ಅಲಿಸನ್ ಬಂದರು. ಮರುವರ್ಷ ಚಾಂಪಿಯನ್ಸ್ ಲೀಗ್.

ಯಾವಾಗ ಏಳುತ್ತದೆ ಅಂತ ಇಸವಿ ಹೇಳಲಾರೆ. ಹೊಸ ಮ್ಯಾನೇಜರ್ ಬಂದಾಗಲೆಲ್ಲ ಒಂದು ಎಣಿಕೆ ಮಾಡಿ. ಹಿಂದಿನವರು ಕೊಂಡ ಆಟಗಾರರಲ್ಲಿ ಎಷ್ಟು ಜನ ಇವರ ಹನ್ನೊಂದರಲ್ಲೂ ಉಳಿದರು? ಏಳೆಂಟು ಜನ ಉಳಿದರೆ ಮೇಲೆ ಕೂತವರು ಕೆಲಸ ಮಾಡುತ್ತಿದ್ದಾರೆ ಅಂತ ಲೆಕ್ಕ. ಮೂರೋ ನಾಲ್ಕೋ ಆದರೆ, ಇನ್ನೊಂದೆರಡು ವರ್ಷ ಪಾಯಿಂಟ್ ಪಟ್ಟಿ ನೋಡದೇ ಇರುವುದು ಒಳ್ಳೇದು.