ಬಿ.ಲಿಬ್ (ಗ್ರಂಥಾಲಯ ವಿಜ್ಞಾನ ಪದವಿ) ಓದುತ್ತಲೇ ಶಾಲಾ ಗ್ರಂಥಪಾಲಕರ ಕೆಲಸ ಕಲಿಯುವುದು ಹೇಗೆ?

ಕಾಲೇಜಿನಲ್ಲಿ ವರ್ಗೀಕರಣ, ಕ್ಯಾಟಲಾಗ್ ಎಲ್ಲಾ ಹೇಳಿಕೊಡುತ್ತಾರೆ, ಮಕ್ಕಳ ಜೊತೆಗಿನ ಕೆಲಸ ಎಲ್ಲಿ ಕಲಿಯಲಿ ಅಂತ ಕೇಳಿದ್ದೀರಿ. ಮನೆ ಹತ್ತಿರದ ಶಾಲೆಯಲ್ಲೇ ಕಲಿಯಿರಿ. ವಾರಕ್ಕೊಂದು ಪಿರಿಯಡ್ ಲೈಬ್ರರಿ ನೋಡಿಕೊಳ್ಳುತ್ತೇನೆ ಅಂತ ಮುಖ್ಯ ಶಿಕ್ಷಕರನ್ನು ಕೇಳಿ. ಎಷ್ಟೋ ಕಡೆ ಪುಸ್ತಕ ಬೀರುವಿನಿಂದ ಹೊರಗೇ ಬಂದಿರುವುದಿಲ್ಲ.

ನಾನೂ ಹಾಗೇ ಶುರು ಮಾಡಿದ್ದು. ಮೊದಲ ತಿಂಗಳು ಬರೀ ಡ್ಯೂಯಿ ಸಂಖ್ಯೆಯ, ಅಂದರೆ ಪುಸ್ತಕಗಳನ್ನು ವಿಷಯವಾರು ಜೋಡಿಸುವ ಸಂಖ್ಯೆಯ, ಚೀಟಿ ಅಂಟಿಸಿದೆ. ಜನಪದ ಕತೆಗೆ 398.2, ಕನ್ನಡ ಸಾಹಿತ್ಯಕ್ಕೆ 894.814. ಒಂದು ದಿನ ಐದನೇ ಕ್ಲಾಸಿನ ಹುಡುಗಿ ‘ಮಿಸ್, ಹಾವಿನ ಪುಸ್ತಕ ಇದೆಯಾ?’ ಅಂದಳು. 597.96 ನೋಡು ಅಂದೆ. ಪಾಪ, ಸುಮ್ನೆ ನಿಂತೇ ಇದ್ದಳು. ಮರುವಾರ ಆ ಶೆಲ್ಫಿಗೆ ಹಾವಿನ ಚಿತ್ರ ಅಂಟಿಸಿ, ಪುಸ್ತಕಗಳನ್ನು ಮುಖಪುಟ ಕಾಣುವ ಹಾಗೆ ಇಟ್ಟೆ. ಅವಳು ತಾನೇ ಬಂದು ಎರಡು ತೆಗೆದುಕೊಂಡಳು.

ಇನ್ನೊಂದು ಮುಖ್ಯ ಕೆಲಸ, ಟೀಚರ್ ಜೊತೆ ಕೂರುವುದು. ಮುಂದಿನ ವಾರ ಯಾವ ಪಾಠ ಅಂತ ಕೇಳಿ, ಅದಕ್ಕೆ ಹೊಂದುವ ನಾಲ್ಕೈದು ಪುಸ್ತಕ ಮೊದಲೇ ತೆಗೆದಿಡಿ. ಶಾಲೆಯ ಗ್ರಂಥಪಾಲಕರು ಅರ್ಧ ಮೇಷ್ಟರೇ ಅಲ್ವಾ?

ಗಟ್ಟಿಯಾಗಿ ಓದಿ ಹೇಳುವುದನ್ನೂ ಅಭ್ಯಾಸ ಮಾಡಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ. ಗ್ರಂಥಾಲಯದ ಲೆಕ್ಕ ಇಡುವ ಕೋಹಾ ಸಾಫ್ಟ್‌ವೇರ್ ಗೊತ್ತಿದ್ದರೆ ಒಳ್ಳೆಯದು, ಆದರೆ ಚಿಕ್ಕ ಶಾಲೆಗೆ ಒಂದು ದಪ್ಪ ರಿಜಿಸ್ಟರ್ ಸಾಕು. ಯಾವ ಮಗು ಏನು ಕೇಳಿತು ಅಂತ ಅದರ ಕೊನೇ ಹಾಳೆಗಳಲ್ಲಿ ಬರೆದಿಡಿ. ಹೊಸ ಪುಸ್ತಕ ಕೊಳ್ಳುವಾಗ ಆ ಪಟ್ಟಿಯೇ ಕೈಹಿಡಿಯುತ್ತದೆ.