ಅಭಿಪ್ರಾಯ ಬೇರೆ, ಅವಮಾನ ಬೇರೆ

ಪ್ರಶ್ನೆ: ತಂದೆ ತೀರಿಕೊಂಡ ಮೇಲೆ ನನ್ನನ್ನು ಓದಿಸಿ ದಡ ಸೇರಿಸಿದವನು ನನ್ನ ಅಣ್ಣ. ಕೆಲವು ವರ್ಷಗಳಿಂದ, ಹೊರದೇಶಗಳಿಂದ ಬಂದು ನೆಲೆಸಿದವರ ಬಗ್ಗೆ ಅವನ ಮಾತು ಕಹಿಯಾಗುತ್ತಿದೆ. ಕಳೆದ ತಿಂಗಳು, ವಲಸೆ ಬಂದ ಕುಟುಂಬದವರಾದ ನನ್ನ ಸಹೋದ್ಯೋಗಿ ಪತ್ನಿಯೊಂದಿಗೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದಾಗ, ಅಣ್ಣ ಅವರೆದುರಿಗೇ "ನಿಮ್ಮ ಜನ ಹೋದ ಊರೆಲ್ಲ ಕೆಡುತ್ತದೆ" ಎಂದುಬಿಟ್ಟ. ನಾನು ತಲೆ ತಗ್ಗಿಸಿ ಬಡಿಸುತ್ತಲೇ ಇದ್ದೆ. ಮಾಮ ಜನಾಂಗದ್ವೇಷಿ, ಅವರೊಂದಿಗೆ ಮಾತು ಬಿಡಬೇಕು ಎಂದು ಕಾಲೇಜಿನಲ್ಲಿ ಓದುತ್ತಿರುವ ಮಗಳು ಹಟ ಹಿಡಿದಿದ್ದಾಳೆ. ವಲಸೆಯ ಬಗ್ಗೆ ಬಾಯಿ ತೆರೆದರೆ ಸಾಕು, ಜನಾಂಗದ್ವೇಷಿ ಎಂಬ ಪಟ್ಟ ಕಟ್ಟುತ್ತೀರಿ ಎಂದು ಅಣ್ಣ ಸಿಡುಕುತ್ತಾನೆ. ನಾನು ಯಾರ ಪರ ನಿಲ್ಲಲಿ?

ಉತ್ತರ: ಪ್ರಿಯ ಸೋದರಿ,

ನಿಮ್ಮ ಮನೆಯಲ್ಲಿ ನಡೆಯುತ್ತಿರುವುದು ಎರಡು ಜಗಳಗಳು. ಅವು ಒಂದಕ್ಕೊಂದು ತೊಡಕಿಕೊಂಡಿರುವುದರಿಂದಲೇ ಅಣ್ಣನ ಮಾತಿನಲ್ಲೂ ಮಗಳ ಮಾತಿನಲ್ಲೂ ನಿಮಗೆ ಅಷ್ಟಿಷ್ಟು ನಿಜ ಕಾಣುತ್ತಿದೆ. ಒಂದು ದೇಶ ಹೊರಗಿನಿಂದ ಎಷ್ಟು ಜನರನ್ನು, ಯಾವ ನಿಯಮದಡಿ, ಎಷ್ಟು ವೇಗವಾಗಿ ಸೇರಿಸಿಕೊಳ್ಳಬೇಕು ಎಂಬುದು ಮೊದಲನೆಯದು. ಇದರಲ್ಲಿ ಸಭ್ಯರೂ ವಿವೇಕಿಗಳೂ ಆದವರು ಭಿನ್ನವಾಗಿ ಯೋಚಿಸಬಹುದು. ಬಂದು ನೆಲೆಸಿದ ಮನುಷ್ಯನನ್ನು ಅವನ ಹುಟ್ಟಿನ ಕಾರಣಕ್ಕೆ ಕೀಳೆಂದು ಎಣಿಸಬಹುದೇ ಎಂಬುದು ಎರಡನೆಯದು. ಇದರಲ್ಲಿ ಚರ್ಚೆಗೆ ಜಾಗವಿದೆ ಎಂದು ನಾನು ಒಪ್ಪುವುದಿಲ್ಲ. ನಿಮ್ಮ ಅಣ್ಣ ಮೊದಲನೆಯದರ ಹೆಸರಿನಲ್ಲಿ ಎರಡನೆಯದನ್ನು ಆಡಿದರು.

ಈ ಭೇದ ನನ್ನ ಕಲ್ಪನೆಯಲ್ಲ. ಜನಾಂಗೀಯ ತಾರತಮ್ಯವನ್ನು ತೊಡೆದುಹಾಕಲು 1965ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆಯ ಮೊದಲ ವಿಧಿಯಲ್ಲೇ ಇದಿದೆ. ಬಣ್ಣ, ವಂಶ, ರಾಷ್ಟ್ರೀಯ ಮೂಲ ಮುಂತಾದವುಗಳ ಆಧಾರದ ಮೇಲೆ ಮಾಡುವ ಭೇದವನ್ನು ತಾರತಮ್ಯವೆನ್ನುವ ಆ ವಿಧಿ, ಸರ್ಕಾರಗಳು ಪ್ರಜೆಗಳಿಗೂ ಪ್ರಜೆಗಳಲ್ಲದವರಿಗೂ ನಡುವೆ ಮಾಡುವ ವ್ಯತ್ಯಾಸವನ್ನು ತನ್ನ ವ್ಯಾಪ್ತಿಯಿಂದ ಹೊರಗಿಡುತ್ತದೆ. ಹಾಗೆಯೇ, ಪೌರತ್ವದ ಕಾನೂನುಗಳು ಯಾವುದೇ ಒಂದು ರಾಷ್ಟ್ರೀಯತೆಯವರನ್ನು ಗುರಿಮಾಡಿ ತಾರತಮ್ಯ ಎಸಗಕೂಡದೆಂಬ ಷರತ್ತನ್ನೂ ಸೇರಿಸುತ್ತದೆ. ಗಡಿಗೆ ನಿಯಮ ಬೇಕೆನ್ನುವವರೆಲ್ಲ ಜನಾಂಗದ್ವೇಷಿಗಳಲ್ಲ ಎಂಬುದನ್ನು ಮಗಳು ಇದರಿಂದ ತಿಳಿಯಲಿ. ನಿಯಮದ ಮಾತು ಎಲ್ಲಿ ಮುಗಿದು ತಿರಸ್ಕಾರ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಅಣ್ಣ ತಿಳಿಯಲಿ.

ಆ ಗಡಿಯನ್ನು ದಾಟುವುದು ಎಷ್ಟು ಸುಲಭವೆಂಬುದಕ್ಕೆ ಚರಿತ್ರೆಯಲ್ಲಿ ಸಾಕಷ್ಟು ಪುರಾವೆಯಿದೆ. ಕೂಲಿ ಇಳಿಯುತ್ತದೆ, ಕೆಲಸ ಹೋಗುತ್ತದೆ ಎಂಬ ದೂರುಗಳ ಬೆನ್ನಿಗೇ ಅಮೆರಿಕ 1882ರಲ್ಲಿ ಚೀನೀ ಕಾರ್ಮಿಕರ ಪ್ರವೇಶವನ್ನು ತಡೆಯುವ ಕಾನೂನು ತಂದಿತು; ಅದು ರದ್ದಾಗಲು 1943 ಬರಬೇಕಾಯಿತು. ಅದೇ ದೇಶದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪಿತ್ತಿತು. "ನಿಮ್ಮ ಜನ" ಎಂಬ ಮಾತು ಒಬ್ಬ ಮನುಷ್ಯನ ದುಡಿಮೆ, ನಡತೆ, ನಿಷ್ಠೆಗಳನ್ನೆಲ್ಲ ಒಂದೇ ಏಟಿಗೆ ಅಳಿಸಿಹಾಕುತ್ತದೆ. ನಿಮ್ಮ ಸಹೋದ್ಯೋಗಿಗೆ ಆದದ್ದೂ ಅದೇ.

ಇಷ್ಟು ಹೇಳಿದ ಮೇಲೂ, ಅಣ್ಣನ ಕಳವಳವನ್ನು ಬರೀ ಮೂಢತನವೆಂದು ತಳ್ಳಿಹಾಕಬೇಡಿ. ಹುಟ್ಟಿದ ದೇಶ ಬಿಟ್ಟು ಬೇರೆಡೆ ಬದುಕುತ್ತಿರುವವರು 2024ರ ವಿಶ್ವಸಂಸ್ಥೆಯ ಅಂದಾಜಿನಂತೆ ಸುಮಾರು 30.4 ಕೋಟಿ, ಎಂದರೆ ಜಗತ್ತಿನ ಜನಸಂಖ್ಯೆಯ ಶೇಕಡಾ 3.7 ಮಾತ್ರ. ಆದರೆ ಅವರು ಎಲ್ಲೆಡೆ ಸಮನಾಗಿ ಹರಡಿಕೊಂಡಿಲ್ಲ. ಕೆಲವೇ ನಗರಗಳ ಕೆಲವೇ ಬೀದಿಗಳು ಕಣ್ಣೆದುರೇ ಬದಲಾಗಿಬಿಡುತ್ತವೆ. ಅಮೆರಿಕದ ಸಮಾಜ ವಿಜ್ಞಾನಿ ರಾಬರ್ಟ್ ಪುಟ್ನಮ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೈವಿಧ್ಯ ಹೆಚ್ಚಿದ ನೆರೆಹೊರೆಗಳಲ್ಲಿ ಜನ ತಮ್ಮವರನ್ನೂ ಕಡಿಮೆ ನಂಬುತ್ತಾ ಮನೆಯೊಳಗೆ ಮುದುಡಿಕೊಳ್ಳುತ್ತಾರೆ ಎಂದು ಕಂಡುಕೊಂಡರು. ವಲಸೆಯಿಂದ ದೀರ್ಘಕಾಲದಲ್ಲಿ ಒಳಿತಾಗುತ್ತದೆಂದು ನಂಬಿದ್ದ ಅವರು, ಈ ಕಹಿ ಸಂಗತಿಯನ್ನು ಬಚ್ಚಿಡಲಿಲ್ಲ. ತಾನು ಬೆಳೆದ ಬೀದಿ ತನಗೇ ಅಪರಿಚಿತವಾಯಿತೆಂಬ ಸಂಕಟ ಅಣ್ಣನಿಗಿದ್ದರೆ ಅದನ್ನು ಕೂತು ಕೇಳಬೇಕಾದವರು ನೀವು. ಆದರೆ ಅದನ್ನು ಅತಿಥಿಯ ತಟ್ಟೆಯ ಮುಂದೆ ಸುರಿಯುವ ಹಕ್ಕು ಅವರಿಗಿಲ್ಲ.

ಇನ್ನು ಮಾಡಬೇಕಾದದ್ದು. ನಿಮ್ಮ ಪತ್ರದಲ್ಲಿ ಅಣ್ಣ ಇದ್ದಾರೆ, ಮಗಳಿದ್ದಾಳೆ, ನಿಮ್ಮ ಸಂಕೋಚವೂ ಇದೆ. ಆ ದಂಪತಿ ಅಂದು ಹೇಗೆ ಎದ್ದು ಹೋದರು, ಆಮೇಲೆ ನೀವು ಅವರನ್ನು ಮಾತಾಡಿಸಿದಿರೇ ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಅತ್ಯಂತ ನೋವಾದದ್ದು ಅಲ್ಲಿ. ಅಣ್ಣನ ಮಾತಿಗಿಂತ, ಕರೆದ ಮನೆಯವರೇ ಸುಮ್ಮನಿದ್ದರಲ್ಲ ಎಂಬುದು ಅವರನ್ನು ಹೆಚ್ಚು ಚುಚ್ಚಿರಲೂಬಹುದು. ಅವರಿಬ್ಬರನ್ನೂ ಖುದ್ದಾಗಿ ಕಂಡು, "ಅಂದು ನಾನು ಮಾತಾಡಬೇಕಿತ್ತು, ಮಾತಾಡಲಿಲ್ಲ, ಕ್ಷಮಿಸಿ" ಎಂದಷ್ಟೇ ಹೇಳಿ. ಅಣ್ಣನ ಕಷ್ಟದ ಕಥೆ, ಅವರ ಒಳ್ಳೆಯತನದ ವರ್ಣನೆ ಬೇಡ. ಅವರಿಂದ ಸಮಾಧಾನದ ಮಾತನ್ನೂ ನಿರೀಕ್ಷಿಸಬೇಡಿ.

ಅಣ್ಣನೊಂದಿಗೆ ಒಬ್ಬರೇ ಕೂತು ಮಾತಾಡಿ. ಮಗಳೆದುರು ಆ ಮಾತು ತೆಗೆದರೆ ಅದು ಪಂಚಾಯಿತಿಯಾಗುತ್ತದೆ. "ವಲಸೆಯ ನಿಯಮ ಬಿಗಿಯಾಗಬೇಕೆಂದು ನೀನು ಎಷ್ಟು ಬೇಕಾದರೂ ವಾದಿಸು, ಕೇಳುತ್ತೇನೆ, ನನ್ನ ಮನೆಗೆ ಬಂದವರ ಹುಟ್ಟನ್ನು ಹಳಿದರೆ ಆ ಕ್ಷಣವೇ, ಅವರೆದುರಿಗೇ ತಡೆಯುತ್ತೇನೆ" ಎಂದು ಸ್ಪಷ್ಟಪಡಿಸಿ. ಓದಿಸಿದ ಋಣ ದೊಡ್ಡದೇ, ಆದರೆ ಅದನ್ನು ಬೇರೊಬ್ಬರ ಮರ್ಯಾದೆ ಕೊಟ್ಟು ತೀರಿಸಲಾಗದು. ಸಂಬಂಧ ಕಡಿದುಕೊಳ್ಳಿ ಎಂದು ನಾನು ಹೇಳಲಾರೆ. ತಂಗಿಯ ಮಾತನ್ನು ಕೇಳಿಸಿಕೊಳ್ಳುವಷ್ಟು ಸಲುಗೆ ಉಳಿದಿರುವ ಮನುಷ್ಯನನ್ನು ಅವನಂತೆಯೇ ಯೋಚಿಸುವವರ ನಡುವೆ ಒಂಟಿಯಾಗಿ ಬಿಟ್ಟರೆ ಕಹಿ ಇಮ್ಮಡಿಸುತ್ತದೆ.

ಅಣ್ಣನನ್ನೂ ಸಹೋದ್ಯೋಗಿಯನ್ನೂ ಮತ್ತೆ ಒಟ್ಟಿಗೆ ಊಟಕ್ಕೆ ಕೂರಿಸಿ ಸರಿಪಡಿಸುವ ಯೋಚನೆ ಸದ್ಯಕ್ಕೆ ಬೇಡ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದಂತೆ, ಬೇರೆ ಬೇರೆ ಸಮುದಾಯದವರ ಒಡನಾಟ ಪೂರ್ವಗ್ರಹವನ್ನು ತಗ್ಗಿಸಲು ಇಬ್ಬರಿಗೂ ಸಮಾನ ಸ್ಥಾನ, ಒಂದೇ ಗುರಿ ಮತ್ತು ಪರಸ್ಪರ ಸಹಕಾರ ನೆರವಾಗುತ್ತವೆ. ಅವಮಾನ ಮಾಡಿದವನನ್ನು ತಿದ್ದುವ ಹೊಣೆ ಅವಮಾನಿತರದಲ್ಲ. ಮುಂದೆಂದಾದರೂ ಯಾವುದೋ ಕೆಲಸಕ್ಕೆ ಅವರಿಬ್ಬರೂ ತಾವಾಗಿಯೇ ಕೈಜೋಡಿಸುವ ಸಂದರ್ಭ ಬಂದರೆ ಬರಲಿ.

ಮಗಳ ಸಿಟ್ಟು ನ್ಯಾಯವಾದದ್ದೆಂದು ಅವಳಿಗೆ ಹೇಳಿ. ಮಾಮನೊಂದಿಗೆ ಮಾತಾಡುವುದೂ ಬಿಡುವುದೂ ಅವಳ ಇಷ್ಟ. ನೀವು ಒತ್ತಾಯಿಸಬೇಡಿ, ಅವಳೂ ನಿಮ್ಮನ್ನು ಒತ್ತಾಯಿಸದಿರಲಿ. ಅಣ್ಣನೊಂದಿಗಿನ ಮಾತಿಗೆ ಒಂದೆರಡು ವಾರ ಹಿಡಿದರೂ ಚಿಂತೆಯಿಲ್ಲ. ಆ ದಂಪತಿಯ ಮನೆಗೆ ಮಾತ್ರ ಈ ವಾರವೇ ಹೋಗಿ ಬನ್ನಿ.